ಹಪ್ಪಳ ಪರೀಕ್ಷೆಯಲ್ಲಿ ಪಾಸಾದ ಸೈಟು

"ಈ ಭಾನುವಾರ ಸೂರ್ಯ ಮುಳುಗುವುದರೊಳಗೆ ಸಮುದ್ರದ ಹತ್ತಿರ ನಮ್ಮ ರಜೆ ಮನೆಗೆ ಜಾಗ ನಿಶ್ಚಯವಾಗಿಯೇ ತೀರುತ್ತದೆ! ಇದು ಸದಾನಂದನ ಶಪಥ!"

ಹೀಗೆಂದು ನಾನು ಊಟದ ಮೇಜನ್ನು ಗುದ್ದಿದೆ. ಸಾರಿನ ಪಾತ್ರೆ ಒಂದಿಂಚು ಎದ್ದು ಕೂತಿತು. ಸಾರು ಮಾತ್ರ ಕೂರಲಿಲ್ಲ, ಹರಿಯಿತು.

"ಶಪಥ ಮುಗಿಯಿತಾ? ಒರೆಸುವ ಬಟ್ಟೆ ಸಿಂಕಿನ ಕೆಳಗೆ ಉಂಟು," ಎಂದಳು ನನ್ನ ಹೆಂಡತಿ ಚಂದ್ರಮತಿ.

ಅವಳಿಗೆ ನನ್ನ ಶಪಥದ ಮೇಲೆ ನಂಬಿಕೆ ಇರಲಿಲ್ಲ. ಕಾರಣವೂ ಇತ್ತು. ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷಗಳಿಂದ ನಾನು ವಿಮಾ ಕಂಪನಿಯ ಸರ್ವೇಯರ್. ಸುಟ್ಟ ಗೋದಾಮು, ಮಳೆನೀರಲ್ಲಿ ಈಜಿದ ಕಾರು, ಕಂಬಕ್ಕೆ ಮುತ್ತಿಟ್ಟ ಲಾರಿ ಇವೇ ನನ್ನ ದಿನಚರಿ. ಹಾಗಾಗಿ ಯಾವ ಜಾಗ ನೋಡಿದರೂ ನನಗೆ ಮೊದಲು ಕಾಣುವುದು ಅಲ್ಲಿ ಆಗಬಹುದಾದ ಅನಾಹುತ! ಎರಡು ವರ್ಷಗಳಲ್ಲಿ ಕಡಲ ದಂಡೆಯುದ್ದಕ್ಕೂ ಜಾಗಗಳನ್ನು ನೋಡಿ, ಪ್ರತಿಯೊಂದಕ್ಕೂ ಏಳು ಪುಟದ ವರದಿ ಬರೆದು, ಎಲ್ಲವನ್ನೂ ತಿರಸ್ಕರಿಸಿದ್ದೆ. ಒಂದು ಕಡೆ ಚಂಡಮಾರುತದ ಭಯ, ಇನ್ನೊಂದು ಕಡೆ ಉಪ್ಪುನೀರಿನ ಬಾವಿ. ಮತ್ತೊಂದು ಕಡೆಯಂತೂ ತೆಂಗಿನಮರ ವಾಲಿದ ಕೋನವೇ ನನಗೆ ಸರಿ ಬರಲಿಲ್ಲ.

"ಅಪ್ಪಾ, ನಾನ್ ಕಾಲೇಜ್ ಮುಡಿಕ್ಕಿರದುಕ್ಕುಳ್ಳ ವಾಂಗಿಡುವೀಂಗಳಾ?" ಎಂದು ಹತ್ತನೇ ಕ್ಲಾಸಿನ ಮಗಳು ವೀಕ್ಷಾ ತಮಿಳಿನಲ್ಲಿ ಚುಚ್ಚಿದಳು. ಅವಳು ಕಾಲೇಜು ಮುಗಿಸುವುದರೊಳಗಾದರೂ ಕೊಂಡುಕೊಳ್ಳುತ್ತೇನೆಯೇ ಎಂಬುದು ಪ್ರಶ್ನೆ. ಮನೆಯಲ್ಲಿ ನಾವು ಕನ್ನಡ ಮಾತಾಡುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಮಾನಕ್ಕೆ ಭಾಷೆಯ ತೊಡಕಿಲ್ಲ.

"ಇದೇ ಕೊನೆಯ ಭಾನುವಾರ," ಎಂದಳು ಚಂದ್ರಮತಿ. "ಈ ಸಲವೂ ಬೇಡ ಅಂದರೆ ಮುಂದಿನ ವಾರ ನಾನೂ ಮಗಳೂ ಹೋಗಿ ಜಾಗ ನೋಡ್ತೇವೆ. ನೀವು ಮನೆಯಲ್ಲಿ ಕೂತು ವರದಿ ಬರೀರಿ."

ಸರ್ವೇಯರನ ಮನೆಯಲ್ಲಿ ಸರ್ವೆ ಬೇರೆಯವರು ಮಾಡುವುದೆ! ನನ್ನ ಮೀಸೆ ಕುಣಿಯಿತು.

"ನಿನ್ನ ಷರತ್ತೇನು ಹೇಳು!"

"ನನ್ನದೆಂತ ಷರತ್ತು ಮಾರಾಯ್ರೆ? ತಿರುವೊಟ್ಟಿಯೂರಿನಲ್ಲಿ ನನ್ನ ಅಣ್ಣನ ಮನೆ ನೋಡಿದ್ದೀರಲ್ಲ. ಸಮುದ್ರದ ಗಾಳಿಗೆ ಡಬ್ಬ ತೆರೆದ ಕೂಡಲೇ ಹಪ್ಪಳ ಚರ್ಮದ ಚಪ್ಪಲಿಯ ಹಾಗೆ ಆಗ್ತದೆ. ಹಪ್ಪಳ ಮೆತ್ತಗಾಗದ ಜಾಗ ಆದರೆ ಸಾಕು."

ಅವಳು ಬೇಸರದಲ್ಲಿ ಹೇಳಿದ ಮಾತು ಅದು. ಆದರೆ ನನ್ನ ತಲೆಯಲ್ಲಿ ಸಾವಿರ ಕ್ಯಾಂಡಲಿನ ಬಲ್ಬು ಹೊತ್ತಿತು. ಹಪ್ಪಳ! ಗಾಳಿಯ ತೇವವನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಯಂತ್ರ ಜಗತ್ತಿನಲ್ಲಿ ಯಾವುದಿದೆ?

ಭಾನುವಾರ ಬೆಳಿಗ್ಗೆ ಎರಡು ಡಜನ್ ಉದ್ದಿನ ಹಪ್ಪಳ ಕರಿಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಸಿ, ಪೋರೂರಿನ ನಮ್ಮ ಮನೆಯಿಂದ ಹೊರಟೆವು. ದಾರಿಯಲ್ಲಿ ಚಂದ್ರಮತಿ ಉಪ್ಪಿನಕಾಯಿ ಹಾಕಲೆಂದು ಒಂದು ಚೀಲ ನಿಂಬೆಹಣ್ಣು ಕೊಂಡಳು. ಶೋಳಿಂಗನಲ್ಲೂರಿನಲ್ಲಿ ತಿರುಗಿ, ಸಮುದ್ರದ ಪಕ್ಕದ ರಸ್ತೆ ಹಿಡಿದು, ಕೋವಳಂ ದಾಟಿ 'ನೀಲಕ್ಕಡಲ್ ನಗರ್' ಎಂಬ ಹೊಸ ಬಡಾವಣೆ ತಲುಪಿದಾಗ ಹನ್ನೊಂದು ಗಂಟೆ. ಬಡಾವಣೆ ಎಂದರೆ ಮರಳು, ಮೂಲೆ ಮೂಲೆಗೆ ಹಳದಿ ಬಣ್ಣದ ಗಡಿಕಲ್ಲು, ಒಂದು ಬದಿಗೆ ಗಾಳಿಮರದ ತೋಪು. ಸೈಟು ತೋರಿಸುವವರು ಮಧ್ಯಾಹ್ನ ಬರುತ್ತಾರೆಂದು ಬೋರ್ಡು ಹೇಳುತ್ತಿತ್ತು. ಒಳ್ಳೆಯದೇ ಆಯಿತು. ವಿಜ್ಞಾನಕ್ಕೆ ಏಕಾಂತ ಬೇಕು.

ಮೂರು ಸೈಟು ಆರಿಸಿದೆ. ಸಮುದ್ರಕ್ಕೆ ತಾಗಿದ ಏಳನೇ ನಂಬರು, ತೋಪಿನ ಮರೆಯ ಹತ್ತೊಂಬತ್ತು, ರಸ್ತೆ ಬದಿಯ ನಲವತ್ತು. ಪ್ರತಿ ಸೈಟಿನ ನಾಲ್ಕು ಗಡಿಕಲ್ಲುಗಳ ಮೇಲೆ ಒಂದೊಂದು ಹಪ್ಪಳ. ಯಾವುದು ಯಾವ ಸೈಟಿನದೆಂದು ಗುರುತು ಬೇಡವೇ? ಪೆನ್ನಿನಿಂದ ಬರೆಯಲು ಹೋದೆ. ಹಪ್ಪಳ ಎರಡು ಹೋಳಾಯಿತು. ಕಾರಿನಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣವಿತ್ತು. ನೀರಲ್ಲಿ ಕಲಸಿ ಏಳಕ್ಕೆ ಒಂದು ಬೊಟ್ಟು, ಹತ್ತೊಂಬತ್ತಕ್ಕೆ ಎರಡು, ನಲವತ್ತಕ್ಕೆ ಮೂರು ಬೊಟ್ಟು ಇಟ್ಟೆ. ಅಷ್ಟರಲ್ಲಿ ಗಾಳಿ ಬೀಸಿ ಒಂದು ಹಪ್ಪಳ ಬಂಗಾಳ ಕೊಲ್ಲಿಯ ಕಡೆಗೆ ಹಾರಿತು! ಭಾರ ಇಡಬೇಕು. ಕಲ್ಲು ಇಟ್ಟರೆ ಪುಡಿಯಾಗುತ್ತದೆ. ಹದವಾದ ತೂಕದ್ದು ಏನಿದೆ?

"ಚಂದ್ರಾ, ಆ ನಿಂಬೆಹಣ್ಣು ಕೊಡು!"

"ನನ್ನ ಉಪ್ಪಿನಕಾಯಿಯದ್ದಾ?"

"ಹನ್ನೆರಡು ಮಾತ್ರ! ವಿಜ್ಞಾನಕ್ಕೆ ಸಾಲ!"

ಈಗ ಓದುಗರು ಒಮ್ಮೆ ಕಣ್ಣು ಮುಚ್ಚಿ ನೋಡಬೇಕು. ನಿರ್ಜನ ಬಯಲು. ಗಡಿಕಲ್ಲಿನ ಮೇಲೆ ಹಪ್ಪಳ, ಹಪ್ಪಳದ ಮೇಲೆ ರಕ್ತಗೆಂಪು ಬೊಟ್ಟು, ಅದರ ಮೇಲೆ ನಿಂಬೆಹಣ್ಣು. ನಿಮಗೆ ಏನು ಹೊಳೆಯಿತೋ ಅದು ನನಗೆ ಹೊಳೆಯಲಿಲ್ಲ. ನನಗೆ ಅದು ಶುದ್ಧ ಪ್ರಯೋಗಶಾಲೆಯಾಗಿಯೇ ಕಂಡಿತು.

ಬಿಸಿಲು ಏರಿತ್ತು. ವೀಕ್ಷಾ ತನ್ನ ಸನ್‌ಸ್ಕ್ರೀನ್ ತೆಗೆದು, ನನ್ನ ಹಣೆಗೆ ಮೂರು ಬೆರಳಿನಿಂದ ಗೀರಿ, "ನೀಂಗಳೇ ತೇಚ್ಚುಕ್ಕೋಂಗ," ನೀವೇ ಉಜ್ಜಿಕೊಳ್ಳಿ ಎಂದು ಹೇಳಿ ಮೊಬೈಲಿಗೆ ಮರಳಿದಳು. ನಾನು ಉಜ್ಜಲು ಮರೆತೆ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡೆ. ಯಾವುದೋ ಮದುವೆಯಲ್ಲಿ ಕೊಟ್ಟ ಟವೆಲ್, ಬಣ್ಣ ಕಾವಿ. ಬೆವರಿಗೆ ಸನ್‌ಸ್ಕ್ರೀನ್ ಸ್ವಲ್ಪ ಕರಗಿ ಕಣ್ಣಿಗಿಳಿದು ಎರಡೂ ಕಣ್ಣು ಕೆಂಡದಂತಾದವು.

ಒಂದು ಗಂಟೆ ಗಾಳಿಗೆ ಬಿಟ್ಟು ತೋಪಿನ ನೆರಳಲ್ಲಿ ಊಟ ಮಾಡಿದೆವು. ಊಟ ಮುಗಿಸಿ ನಾನು ನೋಟ್‌ಬುಕ್ ಹಿಡಿದು ಪರೀಕ್ಷೆಗೆ ಹೊರಟೆ. ಏಳನೇ ಸೈಟಿನ ಕಲ್ಲಿನ ಮುಂದೆ ಮಂಡಿಯೂರಿದೆ. ನಿಂಬೆಹಣ್ಣನ್ನು ಮೆಲ್ಲಗೆ ಎತ್ತಿದೆ. ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿದೆ. ಶಬ್ದವಿಲ್ಲ! ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಅಗಿದು ತೀರ್ಪು ಕೊಟ್ಟೆ: "ಅಧಮ!" ನಲವತ್ತಕ್ಕೆ ಹೋದೆ. ಅರೆ ಶಬ್ದ. "ಮಧ್ಯಮ!" ಹತ್ತೊಂಬತ್ತು. ಕಟ್! ಆಹಾ, ಪಟಾಕಿಯಂಥ ಶಬ್ದ! ತೋಪು ಉಪ್ಪುಗಾಳಿಯನ್ನು ತಡೆದಿತ್ತು. ಎರಡು ಕೈ ಆಕಾಶಕ್ಕೆತ್ತಿ ಕೂಗಿದೆ: "ಉತ್ತಮ! ಉತ್ತಮ! ಉತ್ತಮ!"

ಹಿಂದೆ ಯಾರೋ ಚೀರಿದರು.

ತಿರುಗಿದೆ. ಒಂದು ವ್ಯಾನು ನಿಂತಿತ್ತು. ಸೈಟು ನೋಡಲು ಬಂದ ಹದಿನೈದು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಅವರ ಮುಂದೆ ಟೈ ಕಟ್ಟಿದ ಯುವ ಮ್ಯಾನೇಜರ್ ಸಾಯಿ. ಪಕ್ಕದಲ್ಲಿ ಬಡಾವಣೆ ಕಾಯುವ ಕರಿಯಮ್ಮ. ಚೀರಿದವಳು ಆಕೆಯೇ.

"ಐಯೋ! ಯಾರೋ ಸೂನಿಯಂ ವೆಚ್ಚಿಟ್ಟಾಂಗ!" ಎಂದಳು. ಯಾರೋ ಮಾಟ ಮಾಡಿಸಿಟ್ಟಿದ್ದಾರೆ! ಅವಳ ಬೆರಳು ನಿಂಬೆಹಣ್ಣುಗಳ ಕಡೆಗಿತ್ತು.

ಆಗ ನನಗೆ ಹೊಳೆಯಿತು. ಸ್ವಲ್ಪ ತಡವಾಗಿ, ಆದರೆ ಸಂಪೂರ್ಣವಾಗಿ ಹೊಳೆಯಿತು. ಹೊಟ್ಟೆಯೊಳಗಿನ ಹಪ್ಪಳವೂ ಬೆವರಿತು. ಹದಿನೈದು ಜನ ಸೇರಿ ಮಾಟಗಾರನಿಗೆ ಏನು ಮಾಡುತ್ತಾರೆಂಬುದಕ್ಕೆ ನನ್ನ ವಿಮೆಯಲ್ಲಿ ಯಾವ ಕಲಮೂ ಇರಲಿಲ್ಲ!

ಆದರೆ ವ್ಯಾನಿನ ಜನರಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರಿದ್ದರು. ಅವರು ನನ್ನ ಹಣೆಯ ಮೂರು ಬಿಳಿ ಗೀರು ನೋಡಿದರು. ಕಾವಿ ಪೇಟ ನೋಡಿದರು. ಕೆಂಡದ ಕಣ್ಣು ನೋಡಿದರು. ಆಮೇಲೆ ತಮಿಳಿನಲ್ಲಿ ಹೇಳಿದರು: "ಇವರು ಮಾಟ ಇಟ್ಟವರಲ್ಲ. ಮಾಟವನ್ನೇ ತಿನ್ನುತ್ತಿದ್ದಾರೆ! ಮಂತ್ರ ಕೇಳಲಿಲ್ಲವೇ? ಅಧಮಂ, ಮಧ್ಯಮಂ, ಉತ್ತಮಂ!"

"ಸಾಮೀ!" ಎಂದು ಕರಿಯಮ್ಮ ಮರಳಿನ ಮೇಲೆ ಅಡ್ಡಬಿದ್ದಳು. ಹಿಂದೆಯೇ ನಾಲ್ಕು ಜನ.

"ಅಯ್ಯೋ, ನಾನು ಸ್ವಾಮಿಯಲ್ಲ! ಇನ್ಶೂರೆನ್ಸ್ ಸರ್ವೇಯರ್! ಇದು ಬರೀ ಹಪ್ಪಳ!" ಎಂದು ಬಡಬಡಿಸಿದೆ.

ಸಾಯಿ ಕೈಮುಗಿದ. "ದೊಡ್ಡವರು ಯಾವತ್ತೂ ಹೀಗೇ ಹೇಳುವುದು ಸಾಮಿ. ದಯವಿಟ್ಟು ಉಳಿದದ್ದನ್ನೂ ತಿಂದುಬಿಡಿ. ಇಲ್ಲವಾದರೆ ಇವರೆಲ್ಲ ವ್ಯಾನು ಹತ್ತಿ ಹೋಗುತ್ತಾರೆ."

ಉರಿಬಿಸಿಲಿನಲ್ಲಿ, ಹದಿನೈದು ಜೊತೆ ಕಣ್ಣುಗಳ ಮುಂದೆ, ಒಂಬತ್ತು ಹಪ್ಪಳ ತಿಂದೆ. ಏಳನೇ ಸೈಟಿನವು ಮೆತ್ತಗಿದ್ದವು, ಮರಳೂ ಅಂಟಿತ್ತು. ಪ್ರತಿ ಹಪ್ಪಳಕ್ಕೂ ಭಕ್ತರು ಉಸಿರು ಬಿಗಿಹಿಡಿದು, ನುಂಗಿದ ಮೇಲೆ ಬಿಟ್ಟರು. ಆರನೆಯದಕ್ಕೆ ತೇಗು ಬಂತು. "ಹೋಯಿತು, ಒಂದು ದುಷ್ಟಶಕ್ತಿ ಹೋಯಿತು!" ಎಂದು ಯಾರೋ ಕೆನ್ನೆ ಬಡಿದುಕೊಂಡರು.

ತೋಪಿನಲ್ಲಿ ವೀಕ್ಷಾ ಕೇಳುವುದು ಕೇಳಿಸಿತು: "ಅಮ್ಮಾ, ಅಪ್ಪಾ ಎನ್ನ ಪಣ್ರಾರು?"

"ಎಂತ ಮಾಡ್ತಿದ್ದಾರೋ ನನಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ನಮ್ಮವರಲ್ಲ ಅಂತ ಹೇಳು," ಎಂದಳು ನನ್ನ ಧರ್ಮಪತ್ನಿ.

ಇಷ್ಟಕ್ಕೇ ನಿಲ್ಲಿಸಿ ಕಾರು ಹತ್ತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಕನ್ನಡಕದ ಹಿರಿಯರು ಹತ್ತಿರ ಬಂದು ಪಿಸುಗುಟ್ಟಿದರು: "ಸಾಮಿ, ಯಾವ ಸೈಟು ತಗೊಂಡರೆ ಒಳ್ಳೆಯದು? ನನಗೆ ಆ ಹತ್ತೊಂಬತ್ತರ ಮೇಲೆ ಮನಸ್ಸಾಗಿದೆ."

ಹತ್ತೊಂಬತ್ತು! ನನ್ನ ಸೈಟು! ಎರಡು ವರ್ಷ ಅಲೆದು, ಹನ್ನೆರಡು ಹಪ್ಪಳ ತಿಂದು ಗೆದ್ದ ಸೈಟು! ಸೂರ್ಯ ಮುಳುಗಲು ಇನ್ನೂ ನಾಲ್ಕು ಗಂಟೆಯಿತ್ತು. ನನ್ನೊಳಗಿನ ಸತ್ಯವಂತ ಸರ್ವೇಯರ್ ಆ ಗಳಿಗೆಯಲ್ಲಿ ರಜೆ ಹಾಕಿದ. ಹಣೆ ಗಂಟಿಕ್ಕಿ, ಬೆರಳೆತ್ತಿ ನುಡಿದೆ:

"ಪತ್ತೊಂಬದುಲ ದೋಷಂ ಇರುಕ್ಕು!" ಹತ್ತೊಂಬತ್ತರಲ್ಲಿ ದೋಷವಿದೆ! "ಅಲ್ಲಿ ಮನೆ ಕಟ್ಟಬೇಡಿ. ಉಳಿದದ್ದೆಲ್ಲ ಶುದ್ಧ!"

ಆಮೇಲೆ ನಡೆದದ್ದು ಸಂತೆಯ ನೂಕುನುಗ್ಗಲು. ಮಾಟ ಕಳೆದು ಶುದ್ಧವಾದ ಬಡಾವಣೆ ಬೇರೆಲ್ಲಿ ಸಿಗುತ್ತದೆ? ಸಾಯಿ ನಮ್ಮ ಕಾರಿನ ಬಾನೆಟ್ಟನ್ನೇ ಮೇಜು ಮಾಡಿಕೊಂಡು ಅರ್ಜಿ ತುಂಬಿಸಿದ. ಹಿರಿಯರು ಏಳನೇ ನಂಬರು ಹಿಡಿದರು. ಇನ್ನೊಬ್ಬರು ಊರಿನಲ್ಲಿದ್ದ ಅಕ್ಕನಿಗೆ, ಭಾವನಿಗೆ ಫೋನು ಹಚ್ಚಿದರು. ಮೂರು ಗಂಟೆಗೆ ನಲವತ್ತನೆಯದೂ ಹೋಯಿತು. ನಾನು ದೂರ ನಿಂತು ಗುಟ್ಟಾಗಿ ನಗುತ್ತಿದ್ದೆ. ಆಹಾ, ಸದಾನಂದ! ಎಂಥ ಚಾಣಾಕ್ಷ ನೀನು! ನನ್ನ ಹತ್ತೊಂಬತ್ತು ನನಗಾಗಿ ಕಾದು ಕೂತಿತ್ತು!

ವ್ಯಾನು ಹೋದ ಮೇಲೆ ಸಾಯಿಯನ್ನು ಪಕ್ಕಕ್ಕೆ ಕರೆದೆ. "ತಮ್ಮಾ, ಆ ಹತ್ತೊಂಬತ್ತು ನಾನೇ ತೆಗೆದುಕೊಳ್ಳುತ್ತೇನೆ."

ಸಾಯಿಯ ಕಣ್ಣು ತುಂಬಿ ಬಂತು. "ಎಂಥ ತ್ಯಾಗ ಸಾಮಿ ನಿಮ್ಮದು! ಊರಿನ ದೋಷವನ್ನೆಲ್ಲ ತಲೆ ಮೇಲೆ ಹೊತ್ತುಕೊಳ್ಳುತ್ತೀರಾ? ನಾನು ಬಿಡುವುದಿಲ್ಲ. ಮಾಲೀಕರಿಗೆ ಫೋನು ಮಾಡಿ ಆಯಿತು. ಆ ಸೈಟು ಮಾರಾಟಕ್ಕಿಲ್ಲ. ಅಲ್ಲಿ ಗುಡಿ!"

ತಿರುಗಿ ನೋಡಿದೆ. ನನ್ನ ಸೈಟಿನ ನಟ್ಟನಡುವೆ ಕರಿಯಮ್ಮ ಮೂರು ಇಟ್ಟಿಗೆ ನಿಲ್ಲಿಸಿ ಅರಿಶಿನ ಬಳಿಯುತ್ತಿದ್ದಳು. ಅದರ ಮುಂದೆ ಚಂದ್ರಮತಿಯ ಚೀಲದ ಉಳಿದ ನಿಂಬೆಹಣ್ಣುಗಳೆಲ್ಲ ಸಾಲಾಗಿ ಕೂತಿದ್ದವು!

"ಸಾಯಿ, ನಿಜ ಹೇಳುತ್ತೇನೆ ಕೇಳು. ದೋಷವೂ ಇಲ್ಲ, ಮಾಟವೂ ಇಲ್ಲ. ಸಮುದ್ರದ ಗಾಳಿಗೆ ಹಪ್ಪಳ ಮೆತ್ತಗಾಗುತ್ತದೋ ಇಲ್ಲವೋ ಅಂತ ನೋಡಲಿಕ್ಕೆ ಇಟ್ಟವನು ನಾನೇ. ಸೈಟಿನ ಆಸೆಗೆ ಸುಳ್ಳು ಹೇಳಿದೆ. ಅವರಿಗೆಲ್ಲ ಹೇಳಿಬಿಡು!"

ಸಾಯಿ ನನ್ನನ್ನು ಭಕ್ತಿಯಿಂದ ದಿಟ್ಟಿಸಿದ. "ತನ್ನ ಮೇಲೇ ಆರೋಪ ಹೊತ್ತುಕೊಳ್ಳುತ್ತಾರಲ್ಲ!" ಎಂದು ಕರಿಯಮ್ಮನಿಗೆ ಹೇಳಿದ. ಅವಳು ಇನ್ನೊಮ್ಮೆ ಅಡ್ಡಬಿದ್ದಳು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ, ಸತ್ಯವನ್ನು ಮೂರು ಸಲ ಹೇಳಿದರೂ ನಂಬಲಿಲ್ಲ.

ಅಷ್ಟರಲ್ಲಿ ಚಂದ್ರಮತಿ ಖಾಲಿ ಡಬ್ಬ ಹಿಡಿದು ಬಂದಳು. ಕರಿಯಮ್ಮನನ್ನು ಎಬ್ಬಿಸಿ ಪಕ್ಕದಲ್ಲಿ ಕೂತು, ತನ್ನ ಮುರುಕು ತಮಿಳಿನಲ್ಲಿ ಕೇಳಿದಳು: "ಅಕ್ಕಾ, ನಿಮ್ಮ ಮನೆ ಸಮುದ್ರಕ್ಕೆ ಹತ್ತಿರವಲ್ಲವಾ? ಇಷ್ಟು ಉಪ್ಪುಗಾಳಿಯಲ್ಲಿ ಹಪ್ಪಳ ಗರಿಗರಿಯಾಗಿ ಇಡಲಿಕ್ಕೆ ನೀವೆಂತ ಮಾಡ್ತೀರಿ?"

ಕರಿಯಮ್ಮ ಇವಳಿಗೆ ಬುದ್ಧಿ ಸರಿಯಿದೆಯೇ ಎಂಬಂತೆ ನೋಡಿದಳು. "ಅಪ್ಪಳಮಾ? ಇಡುವುದು ಯಾಕೆ? ಪೊರಿಚ್ಚ ಉಡನೇ ತಿನ್ನಣುಂ!" ಕರಿದ ಕೂಡಲೇ ತಿನ್ನಬೇಕು!

ಚಂದ್ರಮತಿ ನನ್ನ ಕಡೆ ತಿರುಗಿದಳು. ಖಾಲಿ ಡಬ್ಬವನ್ನು ನನ್ನ ಕೈಗೆ ತುರುಕಿ ಕಾರಿನ ಕಡೆ ನಡೆದಳು. ಪೋರೂರು ತಲುಪುವವರೆಗೆ ಕಾರಿನಲ್ಲಿ ಕೇಳಿಸಿದ್ದು ನನ್ನ ತೇಗು ಮಾತ್ರ.

ಹತ್ತು ದಿನ ಕಳೆಯಿತು. ಹೊಟ್ಟೆ ಸರಿಯಾಯಿತು, ಮಾನ ಇನ್ನೂ ರಜೆಯಲ್ಲಿತ್ತು. ಗುರುವಾರ ಆಫೀಸಿನಿಂದ ಬಂದರೆ ಮನೆಯಲ್ಲಿ ಹಬ್ಬದ ಕಳೆ. ನಡುಮನೆಯಲ್ಲಿ ಸೂಟ್‌ಕೇಸು ಬಾಯ್ದೆರೆದು ಕೂತಿದೆ. ವೀಕ್ಷಾ ಈಜುಬಟ್ಟೆ ಮಡಿಸುತ್ತಿದ್ದಾಳೆ.

"ಎಲ್ಲಿಗೆ?"

"ಬೀಚಿಗೆ!" ಎಂದಳು ಚಂದ್ರಮತಿ. "ಸಾಯಿ ಆವತ್ತು ಬರೆದುಕೊಂಡ ನಂಬರಿಗೆ ಫೋನು ಮಾಡಿದ್ದ. ಹತ್ತೊಂಬತ್ತರಲ್ಲಿ ಗುಡಿ ಎದ್ದಿತಂತೆ. ಪ್ರತಿ ಅಮಾವಾಸ್ಯೆಗೆ ಸ್ವಾಮಿಗಳು ಬರಲೇಬೇಕಂತೆ. ಅವರ ಕುಟುಂಬಕ್ಕೆ ಎರಡು ದಿನ ಉಳಿಯಲಿಕ್ಕೆ ಸಮುದ್ರಕ್ಕೆ ಮುಖ ಮಾಡಿದ ರೂಮು, ಎಸಿ, ಊಟ ಎಲ್ಲ ಬಡಾವಣೆಯವರದ್ದೇ ಖರ್ಚು."

"ಚಂದ್ರಾ! ನಾನು ಸ್ವಾಮಿಯಲ್ಲ ಅಂತ ನೀನಾದರೂ ಹೇಳಬೇಕಿತ್ತಲ್ಲ!"

"ಹೇಳಿದೆ ಮಾರಾಯ್ರೆ, ಎರಡು ಸಲ ಹೇಳಿದೆ. ಎಂಥ ಸರಳ ಗೃಹಿಣಿ ಅಂತ ಸಾಯಿ ಅತ್ತುಬಿಟ್ಟ." ಅವಳು ಸೂಟ್‌ಕೇಸು ಮುಚ್ಚಿ ಅದರ ಮೇಲೆ ಕೂತಳು. "ಅಂತೂ ಜಾಗ ನೀವೇ ನಿಶ್ಚಯ ಮಾಡಿದ ಹಾಗಾಯಿತು. ನಾನೂ ಮಗಳೂ ರೂಮಿನಲ್ಲಿ ಆರಾಮವಾಗಿ ಸಮುದ್ರ ನೋಡ್ತೇವೆ. ನಿಮಗೆ ಹೊರಗೆ ಚಾಪೆ ಹಾಸಿಡ್ತಾರಂತೆ. ಈ ಸಲ ಭಕ್ತರು ನೂರ ಎಂಟು ಹಪ್ಪಳ ತರ್ತಾರಂತೆ!"