ಸೊಸೆಗೆ ಹತ್ತದ ಕಬ್ಬಿಣ

ನನಗೆ ಬಿ.ಪಿ. ಬಂದಿದ್ದು ಉಪ್ಪು ತಿಂದಲ್ಲ, ಬಸುರಿಯರಿಗೆ ಕಬ್ಬಿಣದ ಗುಳಿಗೆ ನುಂಗಿಸಲು ಹೋಗಿ. ಚಳ್ಳಕೆರೆಯಿಂದ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದು ಮನೆಮನೆ ಸುತ್ತುವ ನರ್ಸ್ ನಾನು. ಸಿಟ್ಟು ಬರಿಸುವವರಿಗೆ ಇಲ್ಲಿ ಬರವಿಲ್ಲ. ಒಂದೇ ಮನೆಯದು ಹೇಳಿದರೂ ಸಾಕು.

ಚಾ

ರೇಷ್ಮೆ ಸೀರೆ ನೇಯುವ ಮನೆ. ಮಗ ಮಗ್ಗದಲ್ಲಿ, ನಾಲ್ಕು ತಿಂಗಳ ಬಸುರಿ ಸೊಸೆ ನೂಲು ಸುತ್ತುವ ರಾಟೆಯ ಮುಂದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೊಂದಾದರೂ ಇರಬೇಕು, ಅವಳಿಗೆ ಎಂಟು. ಹೀಗೇ ಹೆರಿಗೆಗೆ ಹೋದರೆ ಜೀವಕ್ಕೇ ಅಪಾಯ. ವಿಚಾರಿಸಿದರೆ, ಗುಳಿಗೆಯನ್ನು ಚಾ ಜೊತೆ ನುಂಗುತ್ತಿದ್ದಾಳೆ!

"ಚಾ ಜೊತೆ ನುಂಗಿದ್ರೆ ಕಬ್ಬಿಣ ಮೈಗೆ ಹತ್ತಲ್ಲ, ಹಂಗೇ ಹೊರಗೆ ಹೋಗ್ತೈತೆ" ಎಂದು ಅವಳ ಅತ್ತೆಯ ಮೇಲೆ ಕೂಗಾಡಿ ಬಂದೆ.

ಮುಂದಿನ ತಿಂಗಳು ನೋಡಿದರೆ ರಕ್ತ ಅಲ್ಲೇ ಇದೆ.

"ಚಾ ಬಿಡಿಸಿದ್ರಾ?"

"ಅವತ್ತೇ ಬಿಡಿಸ್ದೆ ನರ್ಸಮ್ಮ. ಈಗ ಗುಳಿಗೆ ಜೊತಿಗೆ ಕಾಫಿ ಕೊಡ್ತೀನಿ."

ಕೊಡಪಾನ

ಮರುತಿಂಗಳು ಗುಳಿಗೆಯ ಡಬ್ಬಿ ಮುಟ್ಟಿರಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಅತ್ತೆ ಕೊಡಪಾನ ತಂದು ಬೋರ್ಲು ಹಾಕಿ, ಬಿಳಿ ಕಟ್ಟಿದ್ದ ಅದರ ತಳ ತೋರಿಸಿದರು. "ನಮ್ಮ ಬೋರ್ ನೀರಾಗೆ ಉಪ್ಪು, ಸುಣ್ಣ ಎಲ್ಲಾ ಐತೆ. ಕಬ್ಬಿಣ ಒಂದು ಇರಲ್ವಾ?"

"ಆ ಸುಣ್ಣದಿಂದ ರಕ್ತ ಆಗಲ್ರೀ!"

"ಕೊಡಪಾನಕ್ಕೆ ಹತ್ತಿದ್ದು ಸೊಸೆಗೆ ಹತ್ತಲ್ವಾ?"

ಗೋಡೆ

ಈ ಸಲ ಸೊಸೆಯನ್ನೇ ತರಾಟೆಗೆ ತೆಗೆದುಕೊಂಡೆ. "ಚಾನೋ ಕಾಫಿನೋ ಕುಡಿದು ಎರಡು ಗಂಟೆ ಬಿಟ್ಟು ನುಂಗೋಕೆ ಏನು ರೋಗ ನಿನಗೆ?"

ಅವಳು ಮೆಲ್ಲಗೆ ಹೇಳಿದಳು: "ನಾನು ರಾಟೆ ಬಿಡೋದೇ ಚಾ ಬಂದಾಗ, ಅಕ್ಕಾ. ಆಮೇಲೆ ಎದ್ರೆ ನೂಲಿಲ್ದೆ ಮಗ್ಗ ನಿಲ್ತೈತೆ."

ನನ್ನ ಸಿಟ್ಟು ನೆತ್ತಿಗೇರಿತು. ಅತ್ತೆಯನ್ನೂ ಗಂಡನನ್ನೂ ಎದುರಿಗೆ ನಿಲ್ಲಿಸಿ, ಯಾವ ಪುಸ್ತಕದಲ್ಲೂ ಇಲ್ಲದ ಕಾನೂನು ಹೇಳಿದೆ. ಗುಳಿಗೆಯನ್ನು ನಿಂಬೆಹಣ್ಣಿನ ನೀರಿನಲ್ಲಿ ನುಂಗಬೇಕು. ನುಂಗಿದ ಮೇಲೆ ಒಂದು ಗಂಟೆ ಗೋಡೆಗೆ ಒರಗಿ, ಕಾಲು ಚಾಚಿ ಕೂರಬೇಕು. ಅಷ್ಟರಲ್ಲಿ ರಾಟೆ ಮುಟ್ಟಿದರೆ ಕಬ್ಬಿಣವೆಲ್ಲ ನೀರು ಪಾಲು! ನಿಂಬೆಹಣ್ಣಿನ ಮಾತು ನಿಜ. ಉಳಿದದ್ದು ನನ್ನ ಸಿಟ್ಟಿನ ಸಂಶೋಧನೆ.

ಒಂಬತ್ತನೇ ತಿಂಗಳಿಗೆ ರಕ್ತ ಹತ್ತು ದಾಟಿತು. ಅವಳ ಮುಖದಲ್ಲಿ ಕಳೆ ಬಂದಿತ್ತು. ನನ್ನ ಸುಳ್ಳಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಅತ್ತೆ ಒಬ್ಬರೇ ಆಸ್ಪತ್ರೆಗೆ ಬಂದರು. ಇನ್ನೇನು ಜಗಳ ತಂದರೋ ಎಂದು ನಾನೂ ಸೆರಗು ಸಿಕ್ಕಿಸಿದೆ. ಅವರು ಆಚೀಚೆ ನೋಡಿ, ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು.

"ನರ್ಸಮ್ಮ, ಆ ಕಾಲು ಚಾಚೋ ಗುಳಿಗೆ ನನಗೂ ಬರ್ಕೊಡ್ರಿ. ಮದುವೆಯಾಗಿ ಬಂದಾಗಿಂದ ನಾನು ಹಗಲೊತ್ತು ಗೋಡೆಗೆ ಬೆನ್ನು ಕೊಟ್ಟಿಲ್ಲ."

ಚೀಟಿ ತೆಗೆದುಕೊಂಡು ಬರೆಯತೊಡಗಿದೆ. ಅವರು ಮೇಜಿನ ಮೇಲೆ ಬಗ್ಗಿದರು.

"ಒಂದು ಗಂಟೆ ಅನ್ನೋದನ್ನ ದೊಡ್ಡದಾಗಿ ಬರೀರಿ. ಓದೋನು ನನ್ನ ಮಗ."