ರೊಟ್ಟಿಗೊಂದು ಸ್ವಂತ ವಿಮಾ ಕಂಪನಿ

"ಇನ್ನ ಮ್ಯಾಲೆ ರೊಟ್ಟಿ ಮುರದ್ರ ಅಳೂದು ಬ್ಯಾಡ! ಇದು ನಮ್ಮದ ಸ್ವಂತ ವಿಮಾ ಕಂಪನಿ!" ಎಂದು ಫಕೀರಪ್ಪ ಯಂತ್ರದ ಮೇಲಿನ ಟವೆಲ್ಲನ್ನು ಸರ್ರನೆ ಎಳೆದ.

ಅವನ ಹೆಂಡತಿ ಶಿವಗಂಗವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಹಳೆಯ ವಾಷಿಂಗ್ ಮಷೀನು, ನೆತ್ತಿಯ ಮೇಲೆ ತಾಮ್ರದ ತಂತಿಯ ಸಿಂಬಿ, ಹೊಟ್ಟೆಗೆ ಮೂರು ಗುರುತಿನ ಒಂದು ಗುಂಡಿ. ಗದಗಿನ ಆ ಓಣಿಯಲ್ಲಿ ಅವನು ಸುಟ್ಟ ಮೋಟರು ರಿಪೇರಿ ಮಾಡುತ್ತಿದ್ದ, ಅವಳು ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ಮರುದಿನ ಮದುವೆಮನೆಯೊಂದಕ್ಕೆ ಐನೂರು ರೊಟ್ಟಿ ಹೋಗಬೇಕಿತ್ತು. ಅಷ್ಟು ದೊಡ್ಡ ಆರ್ಡರು ಅವಳಿಗೆ ಇದೇ ಮೊದಲು. ದಾರಿಯಲ್ಲಿ ಮುರಿಯುವ ರೊಟ್ಟಿಗೆ ವಿಮೆ ಕೇಳಿದ್ದಕ್ಕೆ ಪೇಟೆಯ ಏಜೆಂಟ್ ಬಿದ್ದು ಬಿದ್ದು ನಕ್ಕಿದ್ದ.

"ದೊಡ್ಡ ಕಾರ್ಖಾನಿಯವ್ರು ತಮ್ಮ ನಷ್ಟ ತುಂಬಾಕ ತಮ್ಮದ ಒಂದು ಕಂಪನಿ ಕಟ್ಕೋತಾರ. ಮೊದಲನೇ ಗುರುತು ಅದು. ಒಬ್ಬನ ಮಾಲಕ, ಒಂದ ಕಂಪನಿ!" ಎಂದು ಅವನು ಗುಂಡಿ ತಿರುಗಿಸಿದ.

ಫಕೀರಪ್ಪ ಒಂದು ರೊಟ್ಟಿಯನ್ನು ಫಟ್ಟನೆ ಮುರಿದು ಒಳಗೆ ಹಾಕಿದ. ಯಂತ್ರ ಗುರ್ರೆಂದಿತು. ರೊಟ್ಟಿ ಹುಣ್ಣಿಮೆ ಚಂದ್ರನಂತೆ ಹೊರಬಂತು! ಶಿವಗಂಗವ್ವ ಕುಣಿಯುವುದರಲ್ಲಿದ್ದಳು. ಅಷ್ಟರಲ್ಲಿ ಬುಟ್ಟಿಯತ್ತ ಕಣ್ಣು ಹೋಯಿತು. ಉಳಿದ ರೊಟ್ಟಿಗಳ ಅಂಚು ಒಂದೊಂದು ಉಗುರಿನಷ್ಟು ಮಾಯ!

"ರೀ, ನನ್ನ ಬುಟ್ಟ್ಯಾಗಿಂದ ತಗದು ನನಗ ಕೊಟ್ಟಂಗಾತಲ್ರಿ!"

"ಹೌದು ಮತ್ತ! ಕಂಪನಿ ನಮ್ಮದಂದ್ರ ಹಂಗ. ಮಂದಿ ಕೂಡಿದ್ರ ಭಾರ ಕಮ್ಮಿ ಆಗ್ತದ, ತಡಿ."

ಆರ್ಡರಿನಲ್ಲಿ ಪಾಲಿದ್ದ ನೆರೆಮನೆಯ ತಿಪ್ಪವ್ವ, ಎದುರುಮನೆಯ ಚೆನ್ನಕ್ಕ ಬುಟ್ಟಿ ಹೊತ್ತು ಬಂದರು. ಗುಂಡಿ ಎರಡನೇ ಗುರುತಿಗೆ ತಿರುಗಿತು: ಎಲ್ಲರೂ ಕೂಡಿ ಕಟ್ಟುವ ಕಂಪನಿ. ತಿಪ್ಪವ್ವ ರೊಟ್ಟಿಯನ್ನು ಬಾಣಂತಿಯ ಕೂಸಿನಂತೆ ಎತ್ತುವವಳು. ಚೆನ್ನಕ್ಕನೋ, ಹರಟೆಯ ಭರದಲ್ಲಿ ಬುಟ್ಟಿಯ ಮೇಲೇ ಕೂರುವವಳು! ಮಧ್ಯಾಹ್ನದ ಹೊತ್ತಿಗೆ ಚೆನ್ನಕ್ಕನ ಮುರುಕು ರೊಟ್ಟಿಗಳು ತುಂಬಿ ತುಂಬಿ ಬಂಡಿಗಾಲಿಯಷ್ಟು, ತಿಪ್ಪವ್ವನವು ಪೂರಿಯಷ್ಟು.

"ಆಕಿ ಕುಂದ್ರೂದು, ನಾ ತುಂಬೂದೇನು?" ತಿಪ್ಪವ್ವ ಸೆರಗು ಕಟ್ಟಿದಳು.

"ನಷ್ಟ ಅಂದ್ರ ನಷ್ಟ! ಇದನ್ನೂ ತುಂಬ್ರಿ ನೋಡೂಣು!" ಚೆನ್ನಕ್ಕ ತನ್ನ ಗಂಡ ರುದ್ರಗೌಡನ ಬೋಳುತಲೆಯನ್ನೇ ಯಂತ್ರದೊಳಗೆ ತುರುಕಿದಳು.

ಗುರ್ರ್! ರುದ್ರಗೌಡನಿಗೆ ಗುಂಗುರು ಕೂದಲು. ತಿಪ್ಪವ್ವನ ಜಡೆ ಗೇಣುದ್ದ ಕಮ್ಮಿ, ಫಕೀರಪ್ಪನ ಮೀಸೆ ಅರ್ಧ!

ಓಣಿಯ ತುಂಬ ಕೂಗಾಟ. ಶಿವಗಂಗವ್ವನಿಗೆ ಆರ್ಡರಿನದೇ ಚಿಂತೆ. ಈ ಜಗಳದಲ್ಲಿ ಆರ್ಡರು ಕೈಬಿಟ್ಟರೆ ಇನ್ನು ಯಾರು ತನ್ನನ್ನು ನಂಬಿ ಕರೆದಾರು? ತಿಪ್ಪವ್ವ, ಚೆನ್ನಕ್ಕ ಇಬ್ಬರನ್ನೂ ಕೂರಿಸಿ, ಚಹಾ ಕುಡಿಸಿ, ಮತ್ತೆ ಹಿಟ್ಟು ನಾದಿಸಿದಳು.

ಮರುದಿನ ಬೆಳಿಗ್ಗೆ ಫಕೀರಪ್ಪ ಅರ್ಧ ಮೀಸೆಯಲ್ಲೇ ಮೂರನೇ ಗುರುತು ತೋರಿಸಿದ. "ಕಂಪನಿ ನಂದು, ಒಳಗಿನ ಕೋಣಿ ಬಾಡಿಗಿಗೆ! ನಡುವ ತಗಡಿನ ಗ್ವಾಡಿ. ಚೆನ್ನಕ್ಕನ ನಷ್ಟ ಚೆನ್ನಕ್ಕನ ಕೋಣ್ಯಾಗ!"

"ಇದನ್ನ ನಿನ್ನೇನ ಹೇಳಾಕ ಏನಾಗಿತ್ತು?" ಎಂದಳು ತಿಪ್ಪವ್ವ.

ಐನೂರು ರೊಟ್ಟಿ ಅಂಗಳದಲ್ಲಿ ಸಾಲಾಗಿ ಕೂತವು. ಒಂದು ತಾಸು ಎಲ್ಲವೂ ಚೆಂದ. ಆಮೇಲೆ ತಗಡು ಕಾಯಿತು, ಕೆಂಪಾಯಿತು, ಕರಗಿತು. ಯಾವ ರೊಟ್ಟಿ ಯಾರದೆಂದು ತಿಳಿಯದೆ ಯಂತ್ರ ಬಿಕ್ಕಳಿಸಿತು. ಢಬ್!

ಹೊಗೆ ಇಳಿದಾಗ ಅಂಗಳದಲ್ಲಿ ಇದ್ದದ್ದು ಒಂದೇ ರೊಟ್ಟಿ. ಬಾವಿಯಿಂದ ಬಾಗಿಲವರೆಗೆ ಹರಡಿತ್ತು. ತೆಂಗಿನಮರ ಅದರ ನಡುವೆ ತೂರಿ ನಿಂತಿತ್ತು.

"ಭೇಷ್!" ರೊಟ್ಟಿಯ ಕೆಳಗಿನಿಂದ ಫಕೀರಪ್ಪನ ದನಿ. "ಐನೂರಿದ್ರ ಐನೂರು ಸಲ ಮುರೀತಾವು. ಒಂದ ಇದ್ರ ಒಂದ ಸಲ!"

ಅಷ್ಟರಲ್ಲಿ ಮದುವೆಮನೆಯ ಟೆಂಪೊ ಬಂದು ನಿಂತಿತು. ಹಿರಿಯರೊಬ್ಬರು ಇಳಿದರು. ಶಿವಗಂಗವ್ವ ಸರಸರ ಹೋಗಿ ಯಂತ್ರದ ಪ್ಲಗ್ಗು ಕಿತ್ತಳು.

"ಒನಕಿ ತರ್ರೆವಾ!"

ಮೂವರು ಹೆಂಗಸರೂ ಒನಕೆ ಎತ್ತಿ ಬಡಿದರು. ಚೆನ್ನಕ್ಕ ಎಲ್ಲರಿಗಿಂತ ಜೋರು! ಕೆಳಗೆ ಫಕೀರಪ್ಪ "ನಷ್ಟ! ನಷ್ಟ!" ಎಂದು ಅತ್ತಿಂದಿತ್ತ ತೆವಳುತ್ತಿದ್ದ. ಕೊನೆಗೆ ಹನ್ನೆರಡು ಚೀಲ ತುಂಬಿದವು.

ಶಿವಗಂಗವ್ವ ತಲೆತಗ್ಗಿಸಿ ಒಂದು ಚೂರನ್ನು ಶೇಂಗಾ ಚಟ್ನಿ, ಮೊಸರಿನೊಂದಿಗೆ ಹಿರಿಯರ ಮುಂದಿಟ್ಟಳು. "ಮುರದಾವ್ರಿ ಎಲ್ಲಾ..."

ಹಿರಿಯರು ಕಟಂ ಎಂದು ಕಡಿದು, ನಿಧಾನವಾಗಿ ಅಗಿದು, ಚೀಲಗಳನ್ನು ಟೆಂಪೊಗೆ ಏರಿಸಲು ಹೇಳಿದರು. ಆಮೇಲೆ ಫಕೀರಪ್ಪನ ಕಡೆ ತಿರುಗಿದರು.

"ಅಲ್ರೀ, ರೊಟ್ಟಿ ಹೆಂಗೂ ಮುರದ ತಿನ್ನೂದಲ್ಲೇನು?"