ಸರ್ವರ್‌ನಲ್ಲಿ ಟವೆಲ್ ಹಾಕಿದ್ದು

ತಿಳಿಯದ ಕೆಲಸವನ್ನು ತಿಳಿದವರಂತೆ ಮಾಡುವುದಕ್ಕೆ ಒಂದು ಗಾಂಭೀರ್ಯ ಬೇಕು. ಅದು ನನಗೆ ಹುಟ್ಟಿನಿಂದಲೇ ಬಂದಿದೆ. ತಿಳಿವಳಿಕೆ ಮಾತ್ರ ಆಮೇಲೆ ಬರಬೇಕಾಗಿತ್ತು. ಆಗ ನಾನು ಜತ್ತದ ಒಂದು ಶೀತಗೃಹದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಯಾವ ರೈತರ ಒಣದ್ರಾಕ್ಷಿ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂದು ಹೇಳುವ ಡೇಟಾಬೇಸ್ ಒಂದು ಲಿನಕ್ಸ್ ಸರ್ವರ್ ಮೇಲೆ ನಡೆಯುತ್ತಿತ್ತು. "ಇನ್ನ ಈ ರಿಜಿಸ್ಟರ್ ಯಾಕ್ರಿ?" ಎಂದು ಹಳೆಯ ಲೆಕ್ಕದ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದ ಮಹಾಶಯನೂ ನಾನೇ.

ಆ ಸರ್ವರ್ ಬೆಳಿಗ್ಗೆ ಕುದುರೆಯಂತೆ ಓಡಿ, ಮಧ್ಯಾಹ್ನ ಮೆಮೊರಿ ಸಾಲದೆಂದು ಕೈಚೆಲ್ಲುತ್ತಿತ್ತು. ನೋಡಿದರೆ ಅರ್ಧ ಮೆಮೊರಿ ಖಾಲಿ! ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಸರಿ. ನಾನು ಫ್ಯಾನು ಅದರತ್ತ ತಿರುಗಿಸಿದೆ, ಧೂಳು ಊದಿದೆ, ಕೊನೆಗೆ ಊದಿನಕಡ್ಡಿಯನ್ನೂ ಹಚ್ಚಿದೆ. ಸನಮಡಿ, ದರಿಬಡಚಿಯಿಂದ ಬಂದ ರೈತರು ಸಾಲಾಗಿ ನಿಂತು ನನ್ನ ಗಾಂಭೀರ್ಯವನ್ನೇ ನೋಡುತ್ತಿದ್ದರು. ಶೀತಗೃಹದ ಚೇರಮನ್ನರು ಒಳಗೆ ಕರೆದು, "ಇನ್ನೊಮ್ಮಿ ನಿಂತ್ರ ರಿಜಿಸ್ಟರ್ ಕೆಳಗ ಇಳೀತಾವ, ನೀವು ಮನೀಗಿ ಹೋಗ್ತೀರಿ," ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆ ಸಂಜೆ ಮನೆಗೆ ಹೋಗುವ ಮುಚ್ಚಂಡಿ ಬಸ್ಸಿನಲ್ಲಿ ಜೋಲು ಮುಖ ಹಾಕಿಕೊಂಡು ಕೂತಿದ್ದೆ. ಹಿಂದಿನ ಸೀಟಿನಲ್ಲಿ ಕಾಶಿಂಬಿ ಆಪಾ. ಹಳ್ಳಿ ಹಳ್ಳಿಗೆ ಬಳೆ ಮಾರುವವರು, ದಿನವೂ ಅದೇ ಬಸ್ಸು. ಒಬ್ಬ ಹೆಂಗಸು ಇಬ್ಬರು ಮಕ್ಕಳೊಂದಿಗೆ ಹತ್ತಿ, "ಮೂವರೂ ಕೂಡಿ ಕುಂದ್ರಾಕ ಜಾಗಾನ ಇಲ್ಲಲ್ಲ!" ಎಂದು ಜಗಳಕ್ಕೆ ನಿಂತಳು. ಕಂಡಕ್ಟರನೂ ಬಿಡಲಿಲ್ಲ: "ಎಂಟು ಸೀಟ ಖಾಲಿ ಅದಾವಲ್ಲವಾ!" ಖಾಲಿ ಇದ್ದದ್ದು ನಿಜ, ಇಲ್ಲೊಂದು, ಅಲ್ಲೊಂದು.

ಆಪಾ ನನ್ನತ್ತ ಬಗ್ಗಿ ನಕ್ಕರು. "ಖಾಲಿ ಇದ್ರ ಏನಾತ್ರಿ ಸಾಹೇಬ್ರ, ಒಂದ ಕಡಿ ಇರಬೇಕಲ್ಲ? ಬಸ್ ಬಂದ ಕೂಡ್ಲೆ, ಯಾರೂ ಹತ್ತೂಕಿಂತ ಮೊದಲ, ಕಿಟಕ್ಯಾಗಿಂದ ಸೀಟಿನ ಮ್ಯಾಲ ಟವೆಲ್ ಒಗದು ಜಾಗಾ ಹಿಡೀಬೇಕು."

ನಾನು ಸಟಕ್ಕನೆ ಎದ್ದು ನಿಂತೆ. ಅಷ್ಟರಲ್ಲಿ ನನ್ನ ಸೀಟಿನಲ್ಲಿ ಇನ್ನೊಬ್ಬರು ಕೂತರು, ಕೂರಲಿ! ಡೇಟಾಬೇಸ್‌ಗೂ ಒಂದೇ ಕಡೆ ಕೂಡಿದ ದೊಡ್ಡ ಜಾಗ ಬೇಕು. ಮಧ್ಯಾಹ್ನದ ಹೊತ್ತಿಗೆ ಪುಟ್ಟ ಪುಟ್ಟ ಪ್ರೋಗ್ರಾಮುಗಳು ಎಲ್ಲೆಂದರಲ್ಲಿ ಕೂತು ಆ ಜಾಗವನ್ನು ಚೂರು ಚೂರು ಮಾಡಿರುತ್ತಿದ್ದವು.

ಮರುದಿನ, ಸರ್ವರ್ ಏಳುವಾಗಲೇ ಡೇಟಾಬೇಸ್‌ಗೆಂದು ಮೆಮೊರಿಯ ದೊಡ್ಡ ತುಂಡುಗಳನ್ನು ಕಾದಿರಿಸುವ ಒಂದೇ ಒಂದು ಸಾಲು ಬರೆದೆ. ಮಧ್ಯಾಹ್ನವಾಯಿತು, ಓಡಿತು. ಸಂಜೆಯಾಯಿತು, ಓಡಿತು! ವಾರ ಕಳೆದರೂ ನಿಲ್ಲಲಿಲ್ಲ. ರಿಜಿಸ್ಟರ್‌ಗಳು ಅಟ್ಟದಲ್ಲೇ ಉಳಿದವು, ನಾನು ಕುರ್ಚಿಯಲ್ಲೇ ಉಳಿದೆ. ಚೇರಮನ್ನರು ಎಲ್ಲರೆದುರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, "ಭಾಳ ಚಲೋ ಮಾಡಿದ್ರಿ. ಹ್ಯಾಂಗ ಹೊಳೀತ್ರಿ ಇದು?" ಎಂದು ಕೇಳಿದರು.

"ದಪ್ಪ ದಪ್ಪ ಪುಸ್ತಕ ಓದೀನ್ರಿ," ಎಂದೆ, ಅದೇ ಗಾಂಭೀರ್ಯದಿಂದ.

ಶಾಲು ಹೊದ್ದು ಬೀಗುತ್ತಾ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ಆಪಾ ತಮ್ಮ ಮುಂದಿನ ಸೀಟಿನಿಂದ ಒಂದು ಟವೆಲ್ ಎತ್ತಿಕೊಂಡರು. "ಬರ್ರಿ ಸಾಹೇಬ್ರ, ಕುಂದ್ರಿ. ನಿಮಗ ಟವೆಲ್ ಒಗ್ಯಾಕ ಬರೂದಿಲ್ಲ ಅಂತ ಗೊತ್ತೈತಿ, ನಾನ ಒಗದಿದ್ನಿ."

ಶಾಲು ಮಡಚಿಟ್ಟು ಕೂತೆ. ತೊಡೆಯ ಮೇಲಿನ ತೆಂಗಿನಕಾಯಿ ಮುಚ್ಚಂಡಿ ಬರುವತನಕ ಬಲು ಭಾರವಾಗಿತ್ತು.